ಖಾಲಿ ಬಿಟ್ಟ ಸ್ಲಾಟು, ಅದರೊಳಗೆ ಬಂದ ಲಿಪಿ

ಕನ್ನಡ ಲಿಪಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನದ ಕಲ್ಲಿನಿಂದ ತೊಡಗಿ, ತಾಮ್ರಪಟ, ತಾಳೆಗರಿ, ಕಡತಗಳನ್ನು ದಾಟಿ, ಅಚ್ಚುಮೊಳೆಯ ಕಾಲಕ್ಕೆ ಬಂದು ನಿಲ್ಲುತ್ತಾರೆ. ಮುಂದಿನದನ್ನು ‘ಆಮೇಲೆ ಕಂಪ್ಯೂಟರ್ ಬಂದಿತು’ ಎಂಬ ಒಂದು ವಾಕ್ಯದಲ್ಲಿ ಮುಗಿಸುವುದು ವಾಡಿಕೆ. ಆದರೆ ಕಂಪ್ಯೂಟರ್ ಬಂದಾಗ ಅದರಲ್ಲಿ ಕನ್ನಡವಿರಲಿಲ್ಲ. ಯಂತ್ರ ಬಂದದ್ದು ಬೇರೆ, ಆ ಯಂತ್ರದೊಳಕ್ಕೆ ನಮ್ಮ ಲಿಪಿ ಬಂದದ್ದು ಬೇರೆ. ಇವೆರಡರ ನಡುವೆ ಒಂದು ಸಣ್ಣ, ಆದರೆ ಮರೆಯಬಾರದ ಕಥೆಯಿದೆ. ಹಳೆಯ ಕಂಪ್ಯೂಟರುಗಳ ಪೆಟ್ಟಿಗೆಯನ್ನು ತೆರೆದರೆ ಆ ಕಥೆ ಕಣ್ಣಿಗೇ ಕಾಣುತ್ತದೆ. ಮುಖ್ಯ ಬೋರ್ಡಿನ ಹಿಂಬದಿಯಲ್ಲಿ ಸಾಲಾಗಿ ನಿಂತ ಉದ್ದನೆಯ ಸ್ಲಾಟುಗಳು, ಅವುಗಳಲ್ಲಿ ಕೆಲವು ತುಂಬಿ, ಕೆಲವು ಖಾಲಿ. ಪ್ರೊಸೆಸರಿನ ಪಕ್ಕದಲ್ಲಿ ಯಾರಿಗೋ ಕಾದಿರಿಸಿದಂತೆ ಒಂದು ಖಾಲಿ ಸಾಕೆಟ್ಟು. ನಮ್ಮ ಲಿಪಿ ಒಳಗೆ ಬಂದದ್ದು ಅಂಥ ಒಂದು ಖಾಲಿ ಜಾಗದ ಮೂಲಕ.

ಯಂತ್ರದೊಳಗೆ ಹೀಗೆ ಜಾಗ ಬಿಡುವ ಪದ್ಧತಿ ತಾನಾಗಿ ಬಂದದ್ದಲ್ಲ. 1977ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ 2 ಯಂತ್ರದಲ್ಲಿ ಎಂಟು ಸ್ಲಾಟುಗಳಿದ್ದವು. ಎರಡಿದ್ದರೆ ಸಾಕೆಂದು ಸ್ಟೀವ್ ಜಾಬ್ಸ್ ಅವರ ಅಭಿಪ್ರಾಯವಾಗಿತ್ತು. ಎಂಟೂ ಬೇಕೆಂದು ಹಟ ಹಿಡಿದವರು ಅದರ ವಿನ್ಯಾಸಕರಾದ ಸ್ಟೀವ್ ವೋಜ್ನಿಯಾಕ್. ಆ ಹಟದ ಫಲ ಬೇಗನೆ ತೋರಿತು. ಆಪಲ್ 2ರ ಪ್ರೊಸೆಸರ್ ಒಂದು ಜಾತಿಯದು. ಆ ಕಾಲದ ವ್ಯವಹಾರದ ತಂತ್ರಾಂಶಗಳು ಜೆಡ್-80 ಎಂಬ ಇನ್ನೊಂದು ಜಾತಿಯ ಪ್ರೊಸೆಸರಿಗೆ ಬರೆದವು. 1980ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಆ ಜೆಡ್-80 ಪ್ರೊಸೆಸರನ್ನೇ ಒಂದು ಕಾರ್ಡಿನ ಮೇಲೆ ಕೂರಿಸಿ ಮಾರಿತು. ಕಾರ್ಡನ್ನು ಸ್ಲಾಟಿಗೆ ಒತ್ತಿದರೆ ಆಯಿತು, ಹಳೆಯ ಯಂತ್ರಕ್ಕೆ ಹೊಸದೊಂದು ಮಿದುಳು. ಯಂತ್ರವನ್ನು ತಯಾರಿಸಿದವರು ಊಹಿಸದೆ ಇದ್ದ ಕೆಲಸವನ್ನು ಕೊಂಡವರು ಅದರಿಂದ ಮಾಡಿಸಬಹುದು ಎಂಬುದು ಅಂದು ಸಿದ್ಧವಾಯಿತು.

1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅಮೆರಿಕದ ಫ್ಲಾರಿಡಾ ರಾಜ್ಯದ ಬೋಕಾ ರಟಾನ್ ಎಂಬಲ್ಲಿ ಡಾನ್ ಎಸ್ಟ್ರಿಜ್ ಅವರ ನೇತೃತ್ವದ ಒಂದು ಸಣ್ಣ ತಂಡ ಸುಮಾರು ಒಂದು ವರ್ಷದಲ್ಲಿ ಅದನ್ನು ಕಟ್ಟಿತ್ತು. ಸಮಯ ಕಡಿಮೆಯಿದ್ದುದರಿಂದ ಎಲ್ಲವನ್ನೂ ತಾವೇ ಮಾಡುವ ಸಂಸ್ಥೆಯ ಹಳೆಯ ರೂಢಿಯನ್ನು ಬಿಟ್ಟು, ಪೇಟೆಯಲ್ಲಿ ಸಿಗುವ ಬಿಡಿಭಾಗಗಳನ್ನೇ ಜೋಡಿಸಿದರು. ಇಂಟೆಲ್ ಸಂಸ್ಥೆಯ 8088 ಪ್ರೊಸೆಸರ್, ಅದರ ವೇಗ 4.77 ಮೆಗಾಹರ್ಟ್ಸ್, ಅದರ ಪಕ್ಕದಲ್ಲಿ 8087 ಎಂಬ ಗಣಿತ ಸಹಾಯಕ ಚಿಪ್ಪಿಗೆಂದು ಒಂದು ಖಾಲಿ ಸಾಕೆಟ್ಟು, ಹಿಂದೆ ಐದು ಸ್ಲಾಟುಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ಯಂತ್ರದ ಸರ್ಕಿಟ್ ನಕ್ಷೆಗಳನ್ನು ಒಳಗೊಂಡ ಕೈಪಿಡಿಯನ್ನು ಅವರು ಅಚ್ಚುಹಾಕಿಸಿ ಮಾರಿದರು. ಸ್ಲಾಟಿನ ಯಾವ ತಂತಿಯಲ್ಲಿ ಯಾವ ಸಂಕೇತ ಹರಿಯುತ್ತದೆ ಎಂಬುದನ್ನು ಯಾರು ಬೇಕಾದರೂ ಓದಿ, ಅದಕ್ಕೊಪ್ಪುವ ಕಾರ್ಡನ್ನು ಮಾಡಬಹುದಾಗಿತ್ತು. 1983ರ ಎಕ್ಸ್‌ಟಿ ಮಾದರಿಯಲ್ಲಿ ಸ್ಲಾಟುಗಳು ಎಂಟಾದವು. ಅದೇ ಮಾದರಿಗೆ ಹೊಂದುವ ಯಂತ್ರಗಳು ಲೋಕದ ನಾನಾ ಕಡೆ ತಯಾರಾದವು. 1984ರಲ್ಲಿ ಕಂಪ್ಯೂಟರ್ ನೀತಿ ಸಡಿಲವಾದ ಮೇಲೆ ಭಾರತದಲ್ಲಿಯೂ ಅವು ಹೆಚ್ಚಾದವು.

ಈ ಯಂತ್ರ ನಮ್ಮ ಲಿಪಿಯನ್ನು ಏಕೆ ತೋರಿಸಲಾರದಾಗಿತ್ತು ಎಂಬುದನ್ನು ತಿಳಿಯಲು ಅಚ್ಚುಕೂಟದ ಚರಿತ್ರೆಯನ್ನು ನೆನೆದರೆ ಸಾಕು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟಾಗ ಹರ್ಮನ್ ಮೋಗ್ಲಿಂಗರು ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಮೊಳೆ ಜೋಡಿಸುವ ಅಚ್ಚುಕೂಟಕ್ಕೆ ಪ್ರತಿಯೊಂದು ಅಕ್ಷರರೂಪವೂ ಮೊದಲೇ ಎರಕ ಹೊಯ್ದು ಪೆಟ್ಟಿಗೆಯಲ್ಲಿ ಇರಬೇಕು. ಕಲ್ಲಚ್ಚಿಗೆ ಆ ಹಂಗಿಲ್ಲ, ಕೈ ಬರೆದದ್ದೆಲ್ಲ ಕಲ್ಲಿನ ಮೇಲೆ ಮೂಡುತ್ತದೆ. ಐಬಿಎಂ ಯಂತ್ರದ ಮೊದಲ ಡಿಸ್‌ಪ್ಲೇ ಕಾರ್ಡು ಮೊಳೆಯಚ್ಚಿನ ಜಾತಿಯದಾಗಿತ್ತು. ಅದರೊಳಗಿನ ಮೊಳೆಗಳು 256. ಎಲ್ಲವೂ ಒಂದೇ ಅಗಲ, ಒಂದೇ ಎತ್ತರ. ಪರದೆಯ ಮೇಲೆ 25 ಸಾಲು, ಸಾಲಿಗೆ 80 ಮನೆ. ಇಂಗ್ಲಿಷಿಗೆ ಇದು ಧಾರಾಳವಾಯಿತು. ಕನ್ನಡದಲ್ಲಿ ಒಂದು ವ್ಯಂಜನದ ಮೇಲೆ ಗುಣಿತ, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು ಅಥವಾ ದೀರ್ಘ. ‘ಸ್ತ್ರೀ’ ಎಂದು ಬರೆಯಬೇಕಾದರೆ ಒಂದು ಮನೆಯಲ್ಲಿ ಮೂರು ಅಂತಸ್ತು ಬೇಕು. ಅಳತೆ ಒಂದೇ ಆದ ಮನೆಗಳ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ಈ ಇಕ್ಕಟ್ಟು ನಮ್ಮದೊಂದೇ ಆಗಿರಲಿಲ್ಲ. ಥಾಯ್ ಲಿಪಿಯೂ ದಕ್ಷಿಣ ಭಾರತದಿಂದ ಹೋದ ಬ್ರಾಹ್ಮೀ ಕುಲದ ಕುಡಿ. ಅದರಲ್ಲಿಯೂ ಸ್ವರಚಿಹ್ನೆಗಳು ಅಕ್ಷರದ ಮೇಲೆ, ಕೆಳಗೆ, ಮುಂದೆ, ಹಿಂದೆ ಕೂರುತ್ತವೆ. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಓದಲು ಹೋದ ವ್ಯಾನ್ ಸುವನ್ನುಕುಲ್ ಎಂಬವರು ತಮ್ಮ ಪಿಎಚ್‌ಡಿ ಪ್ರಬಂಧವನ್ನು ಐಬಿಎಂ ಯಂತ್ರದಲ್ಲಿ ಥಾಯ್ ಲಿಪಿಯಲ್ಲಿ ಬರೆಯಬೇಕೆಂದು ಹೊರಟರು. ಐಬಿಎಂ ಕೊಡುತ್ತಿದ್ದ ಎರಡು ಕಾರ್ಡುಗಳಲ್ಲಿ ಒಂದಕ್ಕೆ ಅಕ್ಷರದ ಸ್ಪಷ್ಟತೆಯಿತ್ತು, ಚಿತ್ರ ಬರೆಯುವ ಶಕ್ತಿಯಿರಲಿಲ್ಲ. ಇನ್ನೊಂದಕ್ಕೆ ಚಿತ್ರದ ಶಕ್ತಿಯಿತ್ತು, ಸ್ಪಷ್ಟತೆಯಿರಲಿಲ್ಲ. ಹಾಗಾಗಿ 1982ರಲ್ಲಿ ಅವರು ತಾವೇ ಒಂದು ಕಾರ್ಡನ್ನು ಮಾಡಿದರು. ಅದೇ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡು. ಅಡ್ಡಕ್ಕೆ 720, ಉದ್ದಕ್ಕೆ 348 ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯೂ ಬರೆಯುವವನ ಅಧೀನ. ನಮ್ಮ ಹೋಲಿಕೆಯಲ್ಲಿ ಹೇಳುವುದಾದರೆ ಮೊಳೆಯಚ್ಚಿನ ಯಂತ್ರಕ್ಕೆ ಅವರು ಕಲ್ಲಚ್ಚನ್ನು ಸೇರಿಸಿದರು. ಆ ಕಾರ್ಡು ಮುಂದೆ ಲೋಕದಾದ್ಯಂತ ಮಾರಾಟವಾಗಿ, ಭಾರತದ ಕಪ್ಪುಬಿಳುಪು ಪರದೆಯ ಯಂತ್ರಗಳಲ್ಲಿಯೂ ಬಂದು ಕೂತಿತು. ಅದನ್ನು ಕೊಂಡವರಲ್ಲಿ ಬಹುಮಂದಿಗೆ ಅದರ ಹುಟ್ಟಿನ ಹಿಂದೆ ಒಬ್ಬ ವಿದ್ಯಾರ್ಥಿಯ ತಾಯ್ನುಡಿಯ ಹಂಬಲವಿತ್ತೆಂಬುದು ತಿಳಿದಿರಲಾರದು.

ಆದರೂ ಕಲ್ಲಚ್ಚಿಗೆ ಶ್ರಮ ಹೆಚ್ಚು. ಮೊಳೆಯ ಕ್ರಮದಲ್ಲಿ ಒಂದು ಪರದೆಯನ್ನು ತುಂಬಲು 2,000 ಮನೆಗಳಿಗೆ ತಲಾ ಎರಡು ಬೈಟಿನಂತೆ 4,000 ಬೈಟುಗಳನ್ನು ಬರೆದರೆ ಸಾಕು. ಹರ್ಕ್ಯುಲಿಸ್ ಕಾರ್ಡಿನ ಚುಕ್ಕೆಗಳ ಪರದೆಯನ್ನು ತುಂಬಲು 31,320 ಬೈಟುಗಳು ಬೇಕು. ಸುಮಾರು ಎಂಟು ಪಟ್ಟು ಕೆಲಸ. 4.77 ಮೆಗಾಹರ್ಟ್ಸ್ ವೇಗದ ಪ್ರೊಸೆಸರು ಈ ಹೊರೆಯ ಜೊತೆಗೆ ಒತ್ತಕ್ಷರ ಎಲ್ಲಿ ಕೂರಬೇಕು, ಗುಣಿತ ಎಲ್ಲಿ ಸೇರಬೇಕು ಎಂಬ ಲೆಕ್ಕವನ್ನೂ ಮಾಡಬೇಕಾದರೆ, ಬೆರಳು ಒತ್ತಿದ ಮೇಲೆ ಅಕ್ಷರ ಮೂಡುವವರೆಗೆ ಕಾಯಬೇಕು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಕಚೇರಿಗಳಲ್ಲಿ ಅಂದು ಬಳಕೆಯಲ್ಲಿದ್ದ ವರ್ಡ್‌ಸ್ಟಾರ್, ಡಿಬೇಸ್, ಲೋಟಸ್ 1-2-3 ಮೊದಲಾದ ತಂತ್ರಾಂಶಗಳಿಗೆ ಮೊಳೆಯ ಕ್ರಮವೇ ಪ್ರಪಂಚ. ಚುಕ್ಕೆಗಳ ಪರದೆಯಲ್ಲಿ ಕನ್ನಡ ಬರೆಯುವ ಹೊಸ ತಂತ್ರಾಂಶವನ್ನು ಕಟ್ಟಬಹುದು. ಆದರೆ ಇರುವ ತಂತ್ರಾಂಶಗಳಿಗೆ ಕನ್ನಡ ಕಲಿಸುವುದು ಹೇಗೆ?

ಇದಕ್ಕೆ ಉತ್ತರ ಕಾನ್ಪುರದ ಐಐಟಿಯಲ್ಲಿ ರೂಪುಗೊಂಡಿತು. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುವ ಪ್ರಯತ್ನ ಅಲ್ಲಿ ಹಲವು ವರ್ಷಗಳಿಂದ ನಡೆದಿತ್ತು. ಮೋಹನ್ ತಾಂಬೆ ಅವರ ಮುಂದಾಳುತನದಲ್ಲಿ ‘ಜಿಸ್ಟ್’ ಎಂಬ ಹೆಸರಿನಿಂದ ಬೆಳೆದ ಆ ತಂತ್ರಜ್ಞಾನ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪನೆಯಾದ ಮೇಲೆ ಅಲ್ಲಿ ನೆಲೆಗೊಂಡಿತು. ಅದರ ಫಲವಾಗಿ ಬಂದದ್ದು ಜಿಸ್ಟ್ ಕಾರ್ಡು. ಖಾಲಿ ಸ್ಲಾಟಿನಲ್ಲಿ ಕೂರುವ ಒಂದು ಬೋರ್ಡು, ಅದರ ಮೇಲೆ ಭಾರತೀಯ ಲಿಪಿಗಳ ಅಕ್ಷರರೂಪಗಳ ಭಂಡಾರ. ಇಂಗ್ಲಿಷ್ ಬಳಸದೆ ಬಿಟ್ಟ ಮೇಲಿನ ಅರ್ಧದ ಸಂಕೇತಗಳನ್ನು ಭಾರತೀಯ ಅಕ್ಷರಗಳಿಗೆ ಕೊಟ್ಟು, ಅವು ಪರದೆಗೆ ಬಂದಾಗ ಕಾರ್ಡೇ ಅವನ್ನು ಓದಿ, ಕೂಡಿಸಿ, ಒತ್ತು ಗುಣಿತ ಸಹಿತ ಮೂಡಿಸುತ್ತಿತ್ತು. ವರ್ಡ್‌ಸ್ಟಾರಿನ ಮಟ್ಟಿಗೆ ತಾನು ಯಾವುದೋ ಸಂಕೇತಗಳನ್ನು ಸಾಲಾಗಿ ಇಡುತ್ತಿದ್ದೇನೆ ಎಂಬಷ್ಟೇ ಅರಿವು. ಪರದೆಯ ಮುಂದೆ ಕೂತವರಿಗೆ ಕಾಣುವುದು ಕನ್ನಡ. ಪ್ರೊಸೆಸರಿನ ಹೆಗಲ ಮೇಲೆ ಬೀಳಬೇಕಾಗಿದ್ದ ಹೊರೆಯನ್ನು ಕಾರ್ಡು ಹೊತ್ತಿತು. ತಂತ್ರಾಂಶವನ್ನು ಬದಲಿಸಬೇಕಾದ ಅಗತ್ಯ ತಪ್ಪಿತು.

ಕಾರ್ಡಿನ ಹಿಂದೆ ಎರಡು ಒಪ್ಪಂದಗಳಿದ್ದವು. ಅವು ಕಾರ್ಡಿಗಿಂತ ಹೆಚ್ಚು ಕಾಲ ಬಾಳಿದವು. ಮೊದಲನೆಯದು ಇಸ್ಕಿ ಎಂಬ ಸಂಕೇತಪದ್ಧತಿ. 1988ರ ರೂಪ ಪರಿಷ್ಕಾರಗೊಂಡು 1991ರಲ್ಲಿ ಭಾರತೀಯ ಮಾನಕವಾಯಿತು. ಅದರ ತಿರುಳು ಇಷ್ಟೆ. ನಮ್ಮ ಲಿಪಿಗಳ ಆಕಾರಗಳು ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ. ಆದುದರಿಂದ ಕನ್ನಡದ ‘ಕ’, ಮಲಯಾಳದ ‘ಕ’, ತೆಲುಗಿನ ‘ಕ’, ದೇವನಾಗರಿಯ ‘ಕ’ ಇವೆಲ್ಲಕ್ಕೂ 179 ಎಂಬ ಒಂದೇ ಸಂಖ್ಯೆ. ಎರಡನೆಯದು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ವಿನ್ಯಾಸ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಮತ್ತು ಈ ಹಂಚಿಕೆ ಎಲ್ಲ ಲಿಪಿಗಳಿಗೂ ಸಮಾನ. ‘ಕನ್ನಡ’ ಎಂದು ಬರೆಯಲು ಕ, ನ, ಹಲಂತ, ನ, ಡ ಎಂದು ಐದು ಕೀಲಿಗಳನ್ನು ಒತ್ತಬೇಕು. ಲಿಪಿಯನ್ನು ಬದಲಿಸಿ ಅದೇ ಐದು ಕೀಲಿಗಳನ್ನು ಒತ್ತಿದರೆ ಅದೇ ಮಾತು ಮಲಯಾಳದಲ್ಲಿ ಮೂಡುತ್ತದೆ, ತೆಲುಗಿನಲ್ಲಿ ಮೂಡುತ್ತದೆ, ದೇವನಾಗರಿಯಲ್ಲಿ ಮೂಡುತ್ತದೆ. ತಮಿಳಿನಲ್ಲಿ ಅಕ್ಷರಗಳ ಸಂಖ್ಯೆ ಕಡಿಮೆಯಾದುದರಿಂದ ಅಲ್ಲಿ ಮಾತ್ರ ಈ ಪರಿವರ್ತನೆಯಲ್ಲಿ ಒಂದಿಷ್ಟು ನಷ್ಟವುಂಟು.

ಗಡಿನಾಡಿನವರಾದ ನಮಗೆ ಈ ಸಂಗತಿಯ ಬೆಲೆ ಬೇರೆಯವರಿಗಿಂತ ಹೆಚ್ಚಾಗಿ ತಿಳಿಯುತ್ತದೆ. 1956ರ ನವೆಂಬರ್ 1ರಿಂದ ಕಾಸರಗೋಡಿನ ಕನ್ನಡ ಮನೆಗಳು ಎರಡು ಲಿಪಿಗಳ ನಡುವೆ ಬದುಕಿವೆ. ಆದೋನಿಯಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ ಇದೇ ರೀತಿ ಕನ್ನಡದ ಪಕ್ಕದಲ್ಲಿವೆ. ನಮ್ಮ ಹಿರಿಯರ ಹೆಸರುಗಳು ಸರ್ಕಾರದ ಪಟ್ಟಿಗಳಿಗೆ ಸೇರುವಾಗ ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ರಾಜ್ಯಭಾಷೆಗೂ ಹೋಗಿ ರೂಪ ಕೆಟ್ಟುದನ್ನು ನಾವು ಕಂಡಿದ್ದೇವೆ. ‘ಐತಪ್ಪ’ ಎಂಬ ಹೆಸರು ಇಂಗ್ಲಿಷಿಗೆ ಹೋಗಿ ಮರಳುವಾಗ ಅದರ ‘ತ’ಕಾರ ‘ಥ’ ಆದೀತು. ಇಸ್ಕಿ ಪದ್ಧತಿಯಲ್ಲಿ ಬರೆದ ಹೆಸರಿಗೆ ಇಂಗ್ಲಿಷಿನ ಮಧ್ಯಸ್ತಿಕೆ ಬೇಡ. ಲಿಪಿ ಬದಲಿಸಿದರೆ ಹೆಸರು ಹಾಗೆಯೇ ಉಳಿಯುತ್ತದೆ. ನೆರೆಯ ಎರಡು ಭಾಷೆಗಳು ಒಂದೇ ಕೀಲಿಮಣೆಯಲ್ಲಿ, ಒಂದೇ ಸಂಕೇತದಲ್ಲಿ, ಒಂದನ್ನೊಂದು ನೂಕದೆ ಕೂತ ವ್ಯವಸ್ಥೆಯನ್ನು ಒಂದು ಕಾರ್ಡು ಮಾಡಿ ತೋರಿಸಿತು.

ನಮ್ಮಂತೆಯೇ ಸ್ಲಾಟಿನ ಮೂಲಕ ಒಳಬಂದ ಇನ್ನೊಂದು ಲಿಪಿ ಚೀನಾದ್ದು. 1984ರಲ್ಲಿ ಚೀನಾದ ವಿಜ್ಞಾನ ಅಕಾಡೆಮಿಯ ಸಂಶೋಧಕರು ಬೀಜಿಂಗಿನಲ್ಲಿ ಕಟ್ಟಿದ ಒಂದು ಸಣ್ಣ ಸಂಸ್ಥೆಗೆ ಮರುವರ್ಷ ಹೆಸರು ತಂದುಕೊಟ್ಟದ್ದು ನೀ ಗುವಾಂಗ್‌ನಾನ್ ಅವರ ಚೀನೀ ಲಿಪಿಯ ಕಾರ್ಡು. ಸಾವಿರಾರು ಅಕ್ಷರಗಳ ಆ ಲಿಪಿಯನ್ನು ಐಬಿಎಂ ಮಾದರಿಯ ಯಂತ್ರಗಳಲ್ಲಿ ಬರೆಯಲು ಅದು ಅನುವು ಮಾಡಿಕೊಟ್ಟಿತು. ಸಂಸ್ಥೆ ಮುಂದೆ ಆ ಕಾರ್ಡಿನ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು. ಇಂದು ಅದನ್ನು ಲೋಕ ಲೆನೊವೊ ಎಂದು ಕರೆಯುತ್ತದೆ. 2005ರಲ್ಲಿ ಅದು ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ವಿಭಾಗವನ್ನೇ ಕೊಂಡುಕೊಂಡಿತು. ಪರರ ಮನೆಯ ಖಾಲಿ ಸ್ಲಾಟಿನಲ್ಲಿ ಲಿಪಿಯನ್ನು ಇಡಲು ಹೋದವರು ಇಪ್ಪತ್ತು ವರ್ಷಗಳಲ್ಲಿ ಆ ಮನೆಯನ್ನೇ ಪಡೆದರು.

ಇನ್ನು ಕಾರ್ಡಿನ ಕಾಲ ಹೇಗೆ ಮುಗಿಯಿತು ಎಂಬುದನ್ನು ನೋಡಬೇಕು. ಅದನ್ನು ಮುಗಿಸಿದ್ದು ಇನ್ನೊಂದು ಕಾರ್ಡಲ್ಲ, ಪ್ರೊಸೆಸರು. ಹಳೆಯ ಯಂತ್ರದ ಪ್ರೊಸೆಸರನ್ನು ಕಿತ್ತು ಹೆಚ್ಚು ವೇಗದ್ದನ್ನು ಹಾಕುವ ರೂಢಿ ಬೇಗನೆ ಬೆಳೆಯಿತು. 1984ರಲ್ಲಿ ಜಪಾನಿನ ಎನ್‌ಇಸಿ ಸಂಸ್ಥೆ 8088ರ ಕಾಲುಗಳಿಗೆ ಸರಿಯಾಗಿ ಹೊಂದುವ ವಿ-20 ಎಂಬ ಚಿಪ್ಪನ್ನು ತಂದಿತು. ಹಳೆಯದನ್ನು ತೆಗೆದು ಇದನ್ನು ಒತ್ತಿದರೆ ಯಂತ್ರ ಚುರುಕಾಗುತ್ತಿತ್ತು. 1985ರಲ್ಲಿ 80386, 1989ರಲ್ಲಿ 80486 ಬಂದವು. 486ರಲ್ಲಿ ಗಣಿತ ಸಹಾಯಕವೂ ಒಳಗೇ ಸೇರಿತು. ಇಲ್ಲಿ ವ್ಯಾಪಾರದ ಒಂದು ಜಾಣತನವೂ ನಡೆಯಿತು. 1991ರಲ್ಲಿ ಇಂಟೆಲ್ ಸಂಸ್ಥೆ ಗಣಿತಭಾಗವಿಲ್ಲದ 486 ಎಸ್‌ಎಕ್ಸ್ ಎಂಬ ಅಗ್ಗದ ಚಿಪ್ಪನ್ನೂ, ಬೇಕಾದವರಿಗೆ ಆಮೇಲೆ ಸೇರಿಸಿಕೊಳ್ಳಲು 487 ಎಸ್‌ಎಕ್ಸ್ ಎಂಬ ಸಹಾಯಕವನ್ನೂ ಮಾರಿತು. ನಿಜದಲ್ಲಿ ಆ ಸಹಾಯಕವೇ ಪೂರ್ಣಪ್ರಮಾಣದ 486. ಅದನ್ನು ಸಾಕೆಟ್ಟಿಗೆ ಹಾಕಿದೊಡನೆ ಮೊದಲಿನ ಚಿಪ್ಪನ್ನು ಸುಮ್ಮನಿರಿಸಿ ಎಲ್ಲ ಕೆಲಸವನ್ನೂ ತಾನೇ ಮಾಡುತ್ತಿತ್ತು. ಕೈಸಹಾಯಕ್ಕೆಂದು ಕರೆಸಿದ ನೆಂಟ ಮನೆಯ ಯಜಮಾನನನ್ನು ಮಲಗಿಸಿದಂತೆ. 1992ರಲ್ಲಿ ‘ಓವರ್‌ಡ್ರೈವ್’ ಎಂಬ ಹೆಸರಿನಿಂದ, ಹಳೆಯ ಬೋರ್ಡಿನಲ್ಲಿಯೇ ಕೂರುವ ವೇಗದ ಪ್ರೊಸೆಸರುಗಳು ನೇರವಾಗಿ ಗ್ರಾಹಕರಿಗೆ ಮಾರಾಟವಾದವು.

ವೇಗ ಹೆಚ್ಚಾದಂತೆ, ಹಿಂದೆ ಕಾರ್ಡು ಹೊರುತ್ತಿದ್ದ ಹೊರೆ ಪ್ರೊಸೆಸರಿಗೆ ಹಗುರವಾಯಿತು. ಇದು ಮೊದಲು ಸ್ಪಷ್ಟವಾಗಿ ತೋರಿದ್ದು ಜಪಾನಿನಲ್ಲಿ. ಅಲ್ಲಿನ ಯಂತ್ರಗಳಲ್ಲಿ ಕಾಂಜಿ ಅಕ್ಷರಗಳಿಗೆಂದೇ ಪ್ರತ್ಯೇಕ ಸ್ಮೃತಿಚಿಪ್ಪುಗಳಿರುತ್ತಿದ್ದವು. 1990ರಲ್ಲಿ ಬಂದ ಡಾಸ್/ವಿ ಎಂಬ ವ್ಯವಸ್ಥೆ ಅವುಗಳ ನೆರವಿಲ್ಲದೆ, ಸಾಮಾನ್ಯ ವಿಜಿಎ ಪರದೆಯ ಮೇಲೆ ತಂತ್ರಾಂಶದಿಂದಲೇ ಜಪಾನಿ ಅಕ್ಷರಗಳನ್ನು ಬರೆದು ತೋರಿಸಿತು. ಭಾರತದಲ್ಲಿ ಇದೇ ತಿರುವು 1992ರ ವಿಂಡೋಸ್ 3.1ರೊಡನೆ ಬಂದ ಟ್ರೂಟೈಪ್ ಫಾಂಟುಗಳಿಂದ ಆಯಿತು. ಕಾರ್ಡು ಕೊಳ್ಳಬೇಕಾಗಿಲ್ಲ, ಪೆಟ್ಟಿಗೆ ತೆರೆಯಬೇಕಾಗಿಲ್ಲ. ಒಂದು ಫ್ಲಾಪಿಯಲ್ಲಿ ಕನ್ನಡ ಬರುತ್ತದೆ. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ, ಉಚ್ಚಾರಣೆಗೆ ಹೊಂದುವ ಸರಳ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ನಮ್ಮ ಆಮಂತ್ರಣ ಪತ್ರಿಕೆಗಳು, ವರದಿಗಳು, ಸ್ಮರಣ ಸಂಚಿಕೆಗಳು ಆ ಬಳಿಕ ಮನೆಯಲ್ಲಿಯೇ ಅಕ್ಷರಜೋಡಣೆಯಾಗತೊಡಗಿದವು.

ಆದರೆ ಈ ತಿರುವಿನಲ್ಲಿ ಒಂದು ನಷ್ಟವೂ ಆಯಿತು. ಫಾಂಟಿನ ಕಾಲದಲ್ಲಿ ಅಕ್ಷರಕ್ಕೆ ಸಂಖ್ಯೆ ಕೊಡುವ ಬದಲು ಅಕ್ಷರದ ತುಂಡುಗಳಿಗೆ ಸಂಖ್ಯೆ ಕೊಟ್ಟರು. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಈ ತುಂಡುಗಳನ್ನು ತಯಾರಕರು ತಮಗೆ ತೋಚಿದಂತೆ ಹಂಚಿದರು. ಒಬ್ಬರ ಹಂಚಿಕೆ ಮತ್ತೊಬ್ಬರಿಗೆ ಹೊಂದಲಿಲ್ಲ. ಒಂದು ಫಾಂಟಿನಲ್ಲಿ ಬರೆದ ಲೇಖನವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಗಜಿಬಿಜಿ. ಕಾರ್ಡಿನ ಕಾಲದ ಬರವಣಿಗೆಯಲ್ಲಿ ‘ಕ’ ಎಂದರೆ ಎಲ್ಲೆಲ್ಲಿಯೂ ‘ಕ’ವೇ ಆಗಿತ್ತು, ಫಾಂಟಿನ ಕಾಲದಲ್ಲಿ ‘ಕ’ವೆಂಬುದು ಒಂದು ಚಿತ್ರವಾಯಿತು. ಯಂತ್ರ ಮುಂದಕ್ಕೆ ಹೋಯಿತು, ಬರವಣಿಗೆ ಒಂದು ಹೆಜ್ಜೆ ಹಿಂದಕ್ಕೆ ಬಂದಿತು.

ಇದನ್ನು ಸರಿಪಡಿಸಿದ್ದು ಯೂನಿಕೋಡ್. 1991ರ ಅಕ್ಟೋಬರಿನಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಭಾರತೀಯ ಲಿಪಿಗಳನ್ನು ಅದರಲ್ಲಿ ಜೋಡಿಸಿದ್ದು 1988ರ ಇಸ್ಕಿಯ ಕ್ರಮವನ್ನು ಅನುಸರಿಸಿಯೇ. ತೆಲುಗು, ಕನ್ನಡ, ಮಲಯಾಳಗಳಿಗೆ ತಲಾ 128 ಮನೆಗಳ ಒಂದೊಂದು ಬೀದಿ. ಪ್ರತಿಯೊಂದು ಬೀದಿಯಲ್ಲಿಯೂ ‘ಕ’ದ ಮನೆ ಒಂದೇ ಸ್ಥಾನದಲ್ಲಿ. ಆದರೆ ಕಾಗದದ ಮೇಲಿದ್ದ ಈ ವ್ಯವಸ್ಥೆ ಯಂತ್ರಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಜಾಗ ಸಿಕ್ಕಿತು. ಕನ್ನಡಕ್ಕೂ ತೆಲುಗಿಗೂ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಮತ್ತು ‘ಗೌತಮಿ’ ಫಾಂಟುಗಳೊಡನೆ. ಮಲಯಾಳಕ್ಕೆ 2004ರಲ್ಲಿ ಬಂದ ಅದರ ಪರಿಷ್ಕರಣೆಯಲ್ಲಿ. ಜಿಸ್ಟ್ ಕಾರ್ಡಿನಲ್ಲಿ ಒಂದೇ ಬೋರ್ಡಿನ ಮೇಲೆ ಒಟ್ಟಿಗೆ ಕೂತಿದ್ದ ನೆರೆಯ ಭಾಷೆಗಳು ಇಲ್ಲಿ ಒಂದೊಂದಾಗಿ ಸರದಿ ಕಾಯಬೇಕಾಯಿತು. ತಾವೇ ಕಾರ್ಡು ಮಾಡಿ ಹಾಕಿಕೊಳ್ಳುವುದಕ್ಕೂ, ಯಂತ್ರದ ಒಡೆಯರು ಕೊಡುವವರೆಗೆ ಕಾಯುವುದಕ್ಕೂ ಇರುವ ವ್ಯತ್ಯಾಸ ಇದು.

ಆ ವ್ಯತ್ಯಾಸ ಲಿಪಿಗೆ ಮಾತ್ರ ಸೀಮಿತವಲ್ಲ. 1992ರಲ್ಲಿ ಸನ್ ಸಂಸ್ಥೆ ತಂದ ಸ್ಪಾರ್ಕ್‌ಸ್ಟೇಷನ್ 10 ಎಂಬ ವರ್ಕ್‌ಸ್ಟೇಷನ್ನಿನಲ್ಲಿ ಪ್ರೊಸೆಸರುಗಳೇ ಬಿಡಿ ಬೋರ್ಡುಗಳಾಗಿ ಬರುತ್ತಿದ್ದವು. ಒಂದರಿಂದ ತೊಡಗಿ ನಾಲ್ಕರವರೆಗೆ ಅನುಕೂಲವಾದಂತೆ ಸೇರಿಸಿಕೊಳ್ಳಬಹುದಾಗಿತ್ತು. 2006ರ ಮ್ಯಾಕ್ ಪ್ರೊ ಯಂತ್ರದಲ್ಲಿ ಎರಡು ಪ್ರೊಸೆಸರುಗಳು ಸಾಕೆಟ್ಟಿನಲ್ಲಿದ್ದವು, ಕಾರ್ಡುಗಳಿಗೆ ನಾಲ್ಕು ಸ್ಲಾಟುಗಳಿದ್ದವು. ಎರಡೆರಡು ಕೋರುಗಳ ಆ ಪ್ರೊಸೆಸರುಗಳನ್ನು ಕಿತ್ತು ನಾಲ್ಕುನಾಲ್ಕು ಕೋರಿನವುಗಳನ್ನು ಹಾಕಿಕೊಂಡು ಹಲವರು ಅದನ್ನು ಬಹುಕಾಲ ದುಡಿಸಿದರು. 2013ರ ಮಾದರಿಯಲ್ಲಿ ಒಳಗೆ ಒಂದೂ ಸ್ಲಾಟಿರಲಿಲ್ಲ. 2019ರಲ್ಲಿ ಎಂಟು ಸ್ಲಾಟುಗಳು ಮರಳಿ ಬಂದವು. 2023ರಲ್ಲಿ ಸ್ಲಾಟುಗಳು ಉಳಿದರೂ ಪ್ರೊಸೆಸರನ್ನೂ ಮೆಮೊರಿಯನ್ನೂ ಬದಲಿಸುವ ದಾರಿ ಮುಚ್ಚಿತು. ಇಂದಿನ ಬಹುತೇಕ ತೆಳ್ಳನೆಯ ಯಂತ್ರಗಳಲ್ಲಿ ಎಲ್ಲವೂ ಬೆಸುಗೆಯಾಗಿರುತ್ತದೆ. ಅವು ವೇಗದಲ್ಲಿಯೂ ಮಿತವ್ಯಯದಲ್ಲಿಯೂ ಮೇಲಾದವು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 1982ರ ಆ ಥಾಯ್ ವಿದ್ಯಾರ್ಥಿಗೆ ಇಂದು ಅಂಥ ಯಂತ್ರವನ್ನು ಕೊಟ್ಟರೆ ಅವನು ತನ್ನ ಕಾರ್ಡನ್ನು ಎಲ್ಲಿ ಕೂರಿಸಬೇಕು?

ಈ ಚರಿತ್ರೆಯಿಂದ ನಮ್ಮ ಸಂಘಗಳಿಗೆ ಹುಟ್ಟುವ ಕರ್ತವ್ಯವೊಂದಿದೆ. ಗಡಿನಾಡಿನ ಕನ್ನಡ ಸಂಘಗಳು, ಶಾಲೆಗಳು, ಸಣ್ಣ ಅಚ್ಚುಕೂಟಗಳು ಮತ್ತು ಮನೆಗಳ ಅಟ್ಟದ ಮೇಲೆ ಇಂಥ ಹಳೆಯ ಯಂತ್ರಗಳು ಇನ್ನೂ ಇರಬಹುದು. ಅವುಗಳ ಒಳಗೆ ಸಮ್ಮೇಳನದ ಭಾಷಣಗಳು, ಯಕ್ಷಗಾನ ಪ್ರಸಂಗಗಳು, ಹಿರಿಯರ ಆತ್ಮಕಥನಗಳು, ಅಚ್ಚಾಗದೆ ಉಳಿದ ಕವಿತೆಗಳು ಇರಬಹುದು. ಗುಜರಿಯವನಿಗೆ ಕೊಡುವ ಮೊದಲು ಅವನ್ನು ಹೊರತೆಗೆಯಬೇಕು. ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಬಹುದಿನ ಮಲಗಿದ್ದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ ಕೊಡಬಾರದು. ಪೆಟ್ಟಿಗೆಯನ್ನು ತೆರೆದು ಮುಖ್ಯ ಬೋರ್ಡಿನ ಮೇಲಿನ ಬ್ಯಾಟರಿಯನ್ನು ಮೊದಲು ನೋಡಬೇಕು; 286, 386, 486ರ ಕಾಲದ ಬೋರ್ಡುಗಳಲ್ಲಿ ಬೆಸುಗೆ ಹಾಕಿದ ಬ್ಯಾಟರಿಗಳು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದಿರುವುದುಂಟು. ಯಂತ್ರ ಏಳದಿದ್ದರೂ ಹಾರ್ಡ್ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಿ ಓದಲು ಸಾಧ್ಯವಾಗಬಹುದು. ಕರಾವಳಿಯ ತೇವಕ್ಕೆ ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ತೆಗೆಯದೆ ಡ್ರೈವಿಗೆ ಹಾಕಿದರೆ ಫ್ಲಾಪಿಯೂ ಹಾಳು, ಡ್ರೈವೂ ಹಾಳು.

ಕಡತಗಳು ಕೈಗೆ ಬಂದ ಮೇಲೆ ಅವುಗಳ ಕಾಲವನ್ನು ಗುರುತಿಸಬೇಕು. ಇಸ್ಕಿಯಲ್ಲಿ ಬರೆದದ್ದಾದರೆ ಯೂನಿಕೋಡಿಗೆ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರವಾಗಿ ಬದಲಿಸಬಹುದು. ಕನ್ನಡವೋ ಮಲಯಾಳವೋ ಎಂಬುದನ್ನು ಮಾತ್ರ ನಾವೇ ಹೇಳಬೇಕು, ಏಕೆಂದರೆ ಸಂಕೇತಕ್ಕೆ ಆ ಭೇದವಿಲ್ಲ. ಫಾಂಟಿನಲ್ಲಿ ಬರೆದದ್ದಾದರೆ ಆ ಫಾಂಟಿನ ಹೆಸರು ತಿಳಿದಿರಬೇಕು. ‘ಬರಹ’, ‘ನುಡಿ’ಗಳ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಉಪಕರಣಗಳಿವೆ. ಹೆಸರು ಮರೆತ ಫಾಂಟಿನ ಕಡತಕ್ಕೆ ಅಚ್ಚಾದ ಒಂದು ಪ್ರತಿ ಸಿಕ್ಕಿದರೂ ಸಾಕು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಶಾಸನ ಓದುವವರಂತೆ, ಯಾವ ಚಿಹ್ನೆಗೆ ಯಾವ ಅಕ್ಷರವೆಂದು ಪಟ್ಟಿ ಮಾಡಬಹುದು. ಬರೆದವರು ಇರುವಾಗಲೇ ಈ ಕೆಲಸವಾದರೆ ಒಳ್ಳೆಯದು. ತಾಳೆಗರಿಗಳನ್ನು ಹುಳು ತಿನ್ನಲು ನೂರಾರು ವರ್ಷ ತೆಗೆದುಕೊಂಡಿತು. ಫ್ಲಾಪಿಗಳಿಗೆ ಇಪ್ಪತ್ತೈದು ವರ್ಷ ಸಾಕಾಗಿದೆ.

ಯಂತ್ರವನ್ನು ಬಿಚ್ಚುವಾಗ ಅದರ ಸ್ಲಾಟುಗಳನ್ನು ಒಮ್ಮೆ ನೋಡುವುದನ್ನು ಮರೆಯದಿರೋಣ. ಅಲ್ಲಿ ಉದ್ದನೆಯ ಜಿಸ್ಟ್ ಕಾರ್ಡೊಂದು ಇದ್ದರೆ ಅದನ್ನು ಒರೆಸಿ, ಶಾಲೆಯ ಮಕ್ಕಳಿಗೆ ತೋರಿಸಲು ಎತ್ತಿಡೋಣ. ಇಂದು ಮೊಬೈಲಿನಲ್ಲಿ ಬೆರಳಾಡಿಸಿ ಕನ್ನಡವನ್ನೂ ಮಲಯಾಳವನ್ನೂ ಬರೆಯುವ ಮಗು, ತನ್ನ ಎರಡು ಭಾಷೆಗಳೂ ಮೊದಲು ಒಟ್ಟಿಗೆ ಕೂತದ್ದು ಇಂಥ ಒಂದು ಹಲಗೆಯ ಮೇಲೆ ಎಂಬುದನ್ನು ತಿಳಿಯಲಿ. ಕಾರ್ಡು ಮಾಡಿದವರ ಜಾಣ್ಮೆ ಒಂದು ಪಾಲಾದರೆ, ತನಗೆ ತಿಳಿಯದ ಭಾಷೆಯವರಿಗಾಗಿ ಜಾಗ ಬಿಟ್ಟು, ಆ ಜಾಗದ ನಕ್ಷೆಯನ್ನೂ ಬಯಲಿಗಿಟ್ಟವರ ಉಪಕಾರ ಇನ್ನೊಂದು ಪಾಲು. ಬೇರೊಂದು ಭಾಷೆಯ ರಾಜ್ಯದಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದ ನಮಗೆ, ಬಿಟ್ಟ ಜಾಗದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.